ಇಂಗ್ಲಿಷ್ ಕಲಿಸುವವರ ಪ್ರಮಾಣಪತ್ರ: ಕನ್ನಡ ಶಾಲೆಯ ಹೆತ್ತವರೊಡನೆ ನಾಲ್ಕು ಮಾತು



ಈಚೆಗೆ ಎರಡು ಬಗೆಯ ಹೆತ್ತವರು ನನ್ನಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಮೊದಲನೆಯವರ ಮಗಳು ಬಿ.ಎಡ್. ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದಾಳೆ. ಮೊಬೈಲಿನಲ್ಲಿ ದಿನನಿತ್ಯ ಕಾಣಿಸುವ ‘ಇಂಗ್ಲಿಷ್ ಬೋಧನೆಯ ಅಂತಾರಾಷ್ಟ್ರೀಯ ಪ್ರಮಾಣಪತ್ರ’ಕ್ಕೆ ಹಣ ಕಟ್ಟಬಹುದೇ ಎಂಬುದು ಅವರ ಸಂದೇಹ. ಎರಡನೆಯವರು ರಕ್ಷಕ-ಶಿಕ್ಷಕ ಸಂಘದವರು. ಸಂಘದ ಹಣದಿಂದ ಶಾಲೆಗೆ ಒಬ್ಬ ಇಂಗ್ಲಿಷ್ ಅಧ್ಯಾಪಿಕೆಯನ್ನು ಗೊತ್ತುಮಾಡುವಾಗ ಯಾವ ಪ್ರಮಾಣಪತ್ರ ಇದ್ದವರನ್ನು ಆರಿಸಬೇಕು ಎಂಬುದು ಅವರ ಚಿಂತೆ. ಪ್ರತ್ಯೇಕವಾಗಿ ಉತ್ತರಿಸುವುದಕ್ಕಿಂತ ಎಲ್ಲರಿಗೂ ಒಟ್ಟಾಗಿ ಬರೆಯುವುದು ಲೇಸೆನಿಸಿತು.

ಇದು ಬರಿಯ ಉದ್ಯೋಗದ ಪ್ರಶ್ನೆಯಲ್ಲವೆಂಬುದು ನಿಮಗೂ ತಿಳಿದಿದೆ. ನಮ್ಮ ಕಾಸರಗೋಡಿನಲ್ಲಿ ಜೂನ್ ತಿಂಗಳು ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ದಿನದ ಸಂಖ್ಯೆಯ ಮೇಲೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕ ಹುದ್ದೆ ಎಂಬುದು ನಿಶ್ಚಯವಾಗುತ್ತದೆ. ಎಣಿಕೆಗೆ ಮೊದಲೇ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕೊಂಡೊಯ್ಯುವ ಹೆತ್ತವರನ್ನು ಕಾರಣ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಕನ್ನಡ ಮೇಲೆ ನಮಗೇನೂ ದ್ವೇಷವಿಲ್ಲ ಮಾಷ್ಟ್ರೇ, ಆದರೆ ಇಂಗ್ಲಿಷ್ ಬರಬೇಕಲ್ಲ.’ ಈ ಮಾತನ್ನು ನಾನು ಎಂದೂ ಹಗುರವಾಗಿ ಕಂಡವನಲ್ಲ. ಕನ್ನಡ ಶಾಲೆಯೊಳಗೆ ಇಂಗ್ಲಿಷನ್ನು ಚೆನ್ನಾಗಿ ಕಲಿಸಬಲ್ಲ ಒಬ್ಬ ಅಧ್ಯಾಪಿಕೆ ಇದ್ದರೆ ಆ ಹೆತ್ತವರಲ್ಲಿ ಅರ್ಧದಷ್ಟು ಮಂದಿಯಾದರೂ ಹೊರಟುಹೋಗುವುದಿಲ್ಲ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳಿಗೆ ಹೇಳುತ್ತದೆ. ಆದರೆ ಬೆಂಚಿನಲ್ಲಿ ಮಕ್ಕಳೇ ಇಲ್ಲದಿದ್ದರೆ ಆ ವಿಧಿಯ ನೆರವನ್ನು ಕೇಳಲು ಯಾರೂ ಉಳಿದಿರುವುದಿಲ್ಲ. ಆದ್ದರಿಂದ ಇಂಗ್ಲಿಷ್ ಅಧ್ಯಾಪಿಕೆಯ ತರಬೇತಿಯ ವಿಚಾರವು ಕನ್ನಡ ಶಾಲೆಯ ಉಳಿವಿನ ವಿಚಾರವೂ ಆಗಿದೆ.

ಮೊದಲಿಗೆ ಜಾಹೀರಾತುಗಳಲ್ಲಿ ಕಾಣುವ ಅಕ್ಷರಗಳ ಅರ್ಥವನ್ನು ಬಿಡಿಸೋಣ. ‘ಟೆಫಲ್’ ಎಂದರೆ ಇಂಗ್ಲಿಷನ್ನು ವಿದೇಶೀ ಭಾಷೆಯಾಗಿ ಕಲಿಸುವುದು. ‘ಟೆಸಾಲ್’ ಎಂದರೆ ಇಂಗ್ಲಿಷೇತರ ಭಾಷೆಗಳನ್ನಾಡುವವರಿಗೆ ಇಂಗ್ಲಿಷ್ ಕಲಿಸುವುದು. ಇವೆರಡೂ ಒಂದು ಕಸುಬಿನ ಹೆಸರುಗಳು. ಯಾವ ಸಂಸ್ಥೆಯ ಸೊತ್ತೂ ಅಲ್ಲ, ಯಾವ ಪದವಿಯೂ ಅಲ್ಲ. ‘ಅಡುಗೆ’ ಎಂಬ ಮಾತನ್ನು ಯಾವ ಹೋಟೆಲಿನವನೂ ಫಲಕದ ಮೇಲೆ ಬರೆಸಿಕೊಳ್ಳಬಹುದಾದಂತೆ ‘ಟೆಫಲ್ ಪ್ರಮಾಣಪತ್ರ’ವನ್ನು ಯಾರು ಬೇಕಾದರೂ ಅಚ್ಚು ಹಾಕಿಸಿ ಮಾರಬಹುದು. ಒಳಗೆ ಏನು ಬೇಯುತ್ತಿದೆ ಎಂಬುದನ್ನು ನಾವೇ ಇಣುಕಿ ನೋಡಬೇಕು.

ಎಲ್ಲ ಜಾಹೀರಾತುಗಳೂ ‘120 ಗಂಟೆ’ ಎಂದೇ ಏಕೆ ಹೇಳುತ್ತವೆ? ಅದಕ್ಕೊಂದು ಹಿನ್ನೆಲೆಯಿದೆ. 1962ರಲ್ಲಿ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್ ಎಂಬ ಶಾಲೆಯಲ್ಲಿ ಜಾನ್ ಹೇಕ್ರಾಫ್ಟ್ ಅವರು ಇಂಗ್ಲಿಷ್ ಕಲಿಸಹೊರಟವರಿಗಾಗಿ ಅಲ್ಪಾವಧಿಯ ತರಬೇತಿಯೊಂದನ್ನು ಆರಂಭಿಸಿದರು. ಉದ್ದುದ್ದ ಉಪನ್ಯಾಸಗಳ ಬದಲಿಗೆ ಅಭ್ಯರ್ಥಿಗಳೇ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡುವುದು, ಅನುಭವಿಗಳು ಹಿಂದೆ ಕುಳಿತು ನೋಡಿ ತಿದ್ದುವುದು ಅದರ ಜೀವಾಳವಾಗಿತ್ತು. ಆ ಬೇರಿನಿಂದ ಬೆಳೆದದ್ದೇ ಇಂದು ಕೇಂಬ್ರಿಜ್ ನೀಡುವ ‘ಸೆಲ್ಟಾ’ ಪ್ರಮಾಣಪತ್ರ. ಪೂರ್ಣಕಾಲಿಕವಾಗಿ ಮಾಡಿದರೆ ನಾಲ್ಕೈದು ವಾರಗಳ ಕೆಲಸ. ಅಧ್ಯಾಪಕರೊಡನೆ ಕಳೆಯುವ ಅವಧಿ ಸುಮಾರು 120 ಗಂಟೆ. ಅದರೊಳಗೆ 6 ಗಂಟೆ ಅಭ್ಯರ್ಥಿ ತಾನೇ ಪಾಠ ಮಾಡಬೇಕು, 6 ಗಂಟೆ ಅನುಭವಿಗಳ ಪಾಠವನ್ನು ನೋಡಬೇಕು, ನಾಲ್ಕು ಲಿಖಿತ ನಿಯೋಜನೆಗಳನ್ನು ಒಪ್ಪಿಸಬೇಕು. ಸೇರುವ ಮೊದಲು ಸಂದರ್ಶನವಿದೆ. ಭಾಷೆ ಸಾಲದೆಂದು ಕಂಡರೆ ಸೇರಿಸಿಕೊಳ್ಳುವುದಿಲ್ಲ. ಸೇರಿದ ಮೇಲೆ ಅನುತ್ತೀರ್ಣರಾಗುವುದೂ ಉಂಟು. ಲಂಡನ್ನಿನ ಟ್ರಿನಿಟಿ ಕಾಲೇಜು ನೀಡುವ ‘ಸರ್ಟ್ ಟೆಸಾಲ್’ ಇದಕ್ಕೆ ಸರಿಸಮಾನವಾದದ್ದು. ಅಲ್ಲಿಯೂ 6 ಗಂಟೆಯ ಬೋಧನಾಭ್ಯಾಸವಿದೆ, ಹೊರಗಿನಿಂದ ಬಂದು ಪರೀಕ್ಷಿಸುವ ಪರಿಶೀಲಕರಿದ್ದಾರೆ.

ಪೇಟೆಯವರು ಈ ‘120’ ಎಂಬ ಅಂಕಿಯನ್ನು ಮಾತ್ರ ಎತ್ತಿಕೊಂಡರು. 6 ಗಂಟೆಯ ಪಾಠವನ್ನು ಅಲ್ಲಿಯೇ ಬಿಟ್ಟರು. ಮೊಬೈಲಿನಲ್ಲಿ ವಿಡಿಯೊ ನೋಡಿ, ಸರಿಯುತ್ತರಕ್ಕೆ ಬೆರಳೊತ್ತಿ ಮುಗಿಸುವ ‘120 ಗಂಟೆ’ಗಳೂ ಈಗ ಇವೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಅಡಕೆ ತೋಟದಲ್ಲಿ ದುಡಿಯುವವರ ಮಗಳು, ಇಂತಹ ಒಂದು ಕಂಪೆನಿಗೆ 18,000 ರೂಪಾಯಿ ಕಟ್ಟಿದಳು. ಫೋನಿನಲ್ಲಿ ಮಾತಾಡಿದವರು ‘ವಿದೇಶದಲ್ಲಿ ಕೆಲಸ ಗ್ಯಾರಂಟಿ’ ಎಂದಿದ್ದರಂತೆ. ಎರಡು ಶನಿವಾರ, ಎರಡು ಭಾನುವಾರ ಕಳೆದೊಡನೆ ಬಂಗಾರದ ಬಣ್ಣದ ಮುದ್ರೆಯುಳ್ಳ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಅದನ್ನು ಹಿಡಿದು ಆಕೆ ನನ್ನಲ್ಲಿಗೆ ಬಂದಾಗ ನಾನು ಕೇಳಿದ್ದು ಒಂದೇ: ‘ನೀನು ಪಾಠ ಮಾಡುವುದನ್ನು ಯಾರಾದರೂ ನೋಡಿದರೇನಮ್ಮ?’ ‘ಇಲ್ಲ ಸರ್’ ಎಂದಳು. ಆಕೆಗೆ ಬುದ್ಧಿಗೇನೂ ಕೊರತೆಯಿರಲಿಲ್ಲ, ಶ್ರದ್ಧೆಗೂ ಕೊರತೆಯಿರಲಿಲ್ಲ. ಹಣ ಪಡೆದವರು ಮಾತ್ರ ಆಕೆಯ ಪಾಠವನ್ನು ನೋಡುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಹಣ ಕಟ್ಟುವ ಮೊದಲು ಐದು ಪ್ರಶ್ನೆಗಳನ್ನು ಕೇಳಿರಿ. ಸಂಘದವರಾದರೆ ಅಭ್ಯರ್ಥಿ ತಂದ ಪತ್ರದ ಬಗ್ಗೆಯೂ ಇವನ್ನೇ ಕೇಳಿರಿ.

ಒಂದನೆಯದು: ಈ ತರಬೇತಿಯಲ್ಲಿ ನಿಜವಾದ ಕಲಿಕೆದಾರರ ಮುಂದೆ ಎಷ್ಟು ಗಂಟೆ ಪಾಠ ಮಾಡಬೇಕು? ‘ಸೊನ್ನೆ’ ಎಂಬ ಉತ್ತರ ಬಂದರೆ ಮುಂದಿನ ನಾಲ್ಕು ಪ್ರಶ್ನೆಗಳ ಅಗತ್ಯವೇ ಇಲ್ಲ. ಇಂದು ಸೆಲ್ಟಾವನ್ನು ಆನ್‌ಲೈನಿನಲ್ಲಿಯೂ ಮಾಡಬಹುದು. ಅಲ್ಲಿಯೂ ತೆರೆಯ ಆಚೆ ನಿಜವಾದ ವಿದ್ಯಾರ್ಥಿಗಳಿರುತ್ತಾರೆ. ಹೀಗಾಗಿ ಆನ್‌ಲೈನ್ ಎಂಬುದೇ ದೋಷವಲ್ಲ. ಕಲಿಯುವವರೇ ಇಲ್ಲದ ತರಬೇತಿ ದೋಷವುಳ್ಳದ್ದು.

ಎರಡನೆಯದು: ಆ ಪಾಠವನ್ನು ನೋಡಿ ತಿದ್ದುವವರು ಯಾರು? ಅವರ ಹೆಸರು, ಅರ್ಹತೆ, ಅನುಭವಗಳನ್ನು ಹೇಳಲು ಸಂಸ್ಥೆ ಹಿಂಜರಿಯಬಾರದು.

ಮೂರನೆಯದು: ಇದರಲ್ಲಿ ಅನುತ್ತೀರ್ಣರಾಗುವ ಸಾಧ್ಯತೆ ಇದೆಯೇ? ಹಣ ಕಟ್ಟಿದವರೆಲ್ಲರೂ ಉತ್ತೀರ್ಣರಾಗುವ ಪರೀಕ್ಷೆಯ ಫಲ ರಸೀದಿಯಷ್ಟೇ ಬೆಲೆಯುಳ್ಳದ್ದು.

ನಾಲ್ಕನೆಯದು: ಇದಕ್ಕೆ ಮಾನ್ಯತೆ ಕೊಟ್ಟವರು ಯಾರು? ‘ಮಾನ್ಯತೆ ಪಡೆದಿದೆ’ ಎಂದು ಬರೆದಿದ್ದರೆ ಸಾಲದು. ಕೆಲವು ಸಂಸ್ಥೆಗಳು ತಾವೇ ಒಂದು ‘ಮಾನ್ಯತಾ ಮಂಡಳಿ’ಯನ್ನು ಕಟ್ಟಿಕೊಂಡು ತಮಗೆ ತಾವೇ ಮಾನ್ಯತೆ ಕೊಟ್ಟುಕೊಳ್ಳುತ್ತವೆ. ಇಂಗ್ಲೆಂಡಿನ ಅರ್ಹತೆ ಎಂದು ಹೇಳಿಕೊಂಡರೆ ಅಲ್ಲಿಯ ಸರಕಾರಿ ನಿಯಂತ್ರಕ ಸಂಸ್ಥೆಯಾದ ‘ಆಫ್‌ಕ್ವಾಲ್’ನ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿರಿ, ಆ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಸೆಲ್ಟಾ, ಸರ್ಟ್ ಟೆಸಾಲ್ ಎರಡೂ ಅದರಲ್ಲಿ 5ನೆಯ ಹಂತದವು. ಭಾರತದ ಅರ್ಹತೆಯಾದರೆ ನೀಡುವ ವಿಶ್ವವಿದ್ಯಾನಿಲಯಕ್ಕೆ ಯುಜಿಸಿ ಮಾನ್ಯತೆ ಇದೆಯೇ ಕೇಳಿರಿ.

ಐದನೆಯದು: ನಿಮ್ಮ ಮಗಳು ಕೆಲಸ ಮಾಡಬಯಸುವ ಶಾಲೆಯವರು ಈ ಪತ್ರವನ್ನು ಕೇಳುತ್ತಾರೆಯೇ? ಮಾರುವವನ ಮಾತನ್ನು ಕೇಳಿ ಇದಕ್ಕೆ ಉತ್ತರ ಕಂಡುಕೊಳ್ಳಬೇಡಿ, ನೇಮಿಸಿಕೊಳ್ಳುವವರನ್ನೇ ವಿಚಾರಿಸಿರಿ.

ಈ ಐದನೆಯ ಪ್ರಶ್ನೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ದೇಶದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಯಾವ ವಿದೇಶೀ ಪ್ರಮಾಣಪತ್ರವೂ ಡಿ.ಎಲ್.ಎಡ್. ಅಥವಾ ಬಿ.ಎಡ್.ನ ಬದಲಿಗೆ ನಿಲ್ಲುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಬಳಿಕ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2010ರಲ್ಲಿ ಒಂದರಿಂದ ಎಂಟನೆಯ ತರಗತಿಯ ವರೆಗಿನ ಶಿಕ್ಷಕರಿಗೆ ಅರ್ಹತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಕೇರಳದ ಕೆ-ಟೆಟ್, ತಮಿಳುನಾಡಿನ ಟೆಟ್, ಮಹಾರಾಷ್ಟ್ರದ ಟಿಇಟಿ ಇವೆಲ್ಲ ಅದರ ಫಲ. ಮಗಳು ಊರಿನ ಶಾಲೆಯಲ್ಲಿಯೇ ಅಧ್ಯಾಪಿಕೆಯಾಗಬೇಕೆಂಬ ಆಸೆಯಿದ್ದರೆ ಮೊದಲ ಖರ್ಚೂ ಮೊದಲ ಪರಿಶ್ರಮವೂ ಇಲ್ಲಿಗೆ ಸಲ್ಲಬೇಕು. ಟೆಟ್ ಉತ್ತೀರ್ಣಳಾಗದೆ ಸೆಲ್ಟಾಕ್ಕೆ ಲಕ್ಷಕ್ಕೂ ಮಿಕ್ಕಿ ವ್ಯಯಿಸುವುದು ಮನೆಗೆ ಅಡಿಪಾಯ ಹಾಕುವ ಮೊದಲು ಮಾಳಿಗೆಗೆ ಮೆಟ್ಟಿಲು ಕಟ್ಟಿದಂತಾದೀತು.

ಆ ಅಡಿಪಾಯದ ಮೇಲೆ ಇಂಗ್ಲಿಷ್ ಬೋಧನೆಯ ವಿಶೇಷ ತರಬೇತಿ ಬೇಕೆನಿಸಿದರೆ ನಮ್ಮಲ್ಲಿಯೇ ಸಾರ್ವಜನಿಕ ಸಂಸ್ಥೆಗಳಿವೆ, ಖರ್ಚೂ ಕಡಿಮೆ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. 1963ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ಕರ್ನಾಟಕಕ್ಕೆ ಮಾತ್ರವಲ್ಲದೆ ನೆರೆಯ ದಕ್ಷಿಣ ರಾಜ್ಯಗಳ ಶಿಕ್ಷಕರಿಗೂ ಸೇರಿದ್ದು. ಸೇವೆಯಲ್ಲಿರುವ ಶಿಕ್ಷಕರನ್ನು ಇಲಾಖೆಯೇ ಅಲ್ಲಿಯ 30 ದಿನಗಳ ಇಂಗ್ಲಿಷ್ ಬೋಧನಾ ತರಬೇತಿಗೆ ನಿಯೋಜಿಸುತ್ತದೆ. ನಿಮ್ಮ ಕನ್ನಡ ಶಾಲೆಯ ಅಧ್ಯಾಪಕರ ಹೆಸರು ಆ ಪಟ್ಟಿಗೆ ಎಂದಾದರೂ ಹೋಗಿದೆಯೇ ಎಂದು ಸಂಘದ ಸಭೆಯಲ್ಲಿ ಕೇಳಿರಿ. ಅಲ್ಪಸಂಖ್ಯಾತ ಶಾಲೆಗಳ ಅಧ್ಯಾಪಕರು ಇಂತಹ ಪಟ್ಟಿಗಳಲ್ಲಿ ಸುಲಭವಾಗಿ ಮರೆತುಹೋಗುತ್ತಾರೆ. ಹೆತ್ತವರು ಕೇಳಿದರೆ ನೆನಪಾಗುತ್ತಾರೆ. 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೆಂಬ ಹೆಸರಿನಿಂದ ಆರಂಭವಾಗಿ ಈಗ ವಿಶ್ವವಿದ್ಯಾನಿಲಯವಾಗಿರುವ ಹೈದರಾಬಾದಿನ ‘ಇಫ್ಲು’ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಡಿಪ್ಲೊಮಾವನ್ನು ನೀಡುತ್ತದೆ. ಇಗ್ನೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಬೋಧಿಸುವುದರ ಬಗ್ಗೆ 6 ತಿಂಗಳ ಪ್ರಮಾಣಪತ್ರ ಶಿಕ್ಷಣವಿದೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಲೇ ಓದಬಹುದು.

ಇಗ್ನೋದವರು ‘ದ್ವಿತೀಯ ಭಾಷೆ’ ಎಂದಿರುವುದನ್ನು ಗಮನಿಸಿರಿ. ವಿದೇಶೀ ಭಾಷೆ ಎಂದರೆ ತರಗತಿಯ ಹೊರಗೆ ಕಿವಿಗೆ ಬೀಳದ ಭಾಷೆ. ಚೀನಾದ ಹಳ್ಳಿಯೊಂದರ ಮಗುವಿಗೆ ಇಂಗ್ಲಿಷ್ ಹೇಗೋ ಹಾಗೆ. ದ್ವಿತೀಯ ಭಾಷೆ ಎಂದರೆ ಕಚೇರಿ, ನ್ಯಾಯಾಲಯ, ಬ್ಯಾಂಕು, ಅಂಗಡಿಯ ಫಲಕ ಎಲ್ಲೆಡೆ ಎದುರಾಗುವ ಭಾಷೆ. ಗಡಿನಾಡಿನ ಮಗುವಿಗೆ ಇಂಗ್ಲಿಷ್ ಈ ಎರಡರ ನಡುವೆ ಎಲ್ಲಿಯೋ ಇದೆ. ನಮ್ಮ ಶಾಲೆಯ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಬಸ್ಸಿನಲ್ಲಿ ಮಲಯಾಳ ಕೇಳುತ್ತದೆ, ಹಿಂದಿಯನ್ನೂ ಕಲಿಯುತ್ತದೆ. ರಾಜ್ಯಭಾಷೆಯ ಕಲಿಕೆಯನ್ನು ತಮಿಳುನಾಡಿನಲ್ಲಿ 2006ರ, ಕೇರಳದಲ್ಲಿ 2017ರ, ಮಹಾರಾಷ್ಟ್ರದಲ್ಲಿ 2020ರ ಕಾಯಿದೆಗಳು ಕಡ್ಡಾಯಗೊಳಿಸಿವೆ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತಿನ ಮಕ್ಕಳ ಸ್ಥಿತಿಯೂ ನಮ್ಮ ಮಕ್ಕಳಂತೆಯೇ. ಇಂಗ್ಲಿಷ್ ಅವರಿಗೆ ನಾಲ್ಕನೆಯದೋ ಐದನೆಯದೋ ಭಾಷೆ.

ಇದು ಹೊರೆಯೆಂದು ಮರುಗುವವರಿದ್ದಾರೆ. ನಾನು ಮರುಗುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿ ಬೆಳೆದದ್ದು ಇಂತಹ ಬಹುಭಾಷೆಗಳ ನಡುವೆ. ಅವರ ಪಾಂಡಿತ್ಯ ಹತ್ತಾರು ಭಾಷೆಗಳಿಗೆ ಹಬ್ಬಿತ್ತು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದರು. ಎರಡು ಭಾಷೆಗಳನ್ನು ಬಲ್ಲವನಿಗೆ ಮೂರನೆಯದು ಸುಲಭ, ಆದರೆ ಮೊದಲ ಎರಡನ್ನು ಊರುಗೋಲಾಗಿ ಬಳಸಲು ಗುರುವಾದವನು ಬಿಡಬೇಕು. ಒಂದು ಭಾಷೆಯಲ್ಲಿ ಗಳಿಸಿದ ಓದುವ, ಆಲೋಚಿಸುವ ಶಕ್ತಿ ಇನ್ನೊಂದು ಭಾಷೆಗೂ ಒದಗಿಬರುತ್ತದೆಂಬ ವಿಚಾರವನ್ನು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದರು. ನಮ್ಮ ಹಳೆಯ ಅಧ್ಯಾಪಕರು ಆ ಹೆಸರನ್ನು ಕೇಳದೆಯೂ ಇದನ್ನು ನಡೆಸಿಕೊಂಡು ಬಂದಿದ್ದರು.

ವಿದೇಶೀ ಪ್ರಮಾಣಪತ್ರಗಳು ಮೂಲದಲ್ಲಿ ರೂಪುಗೊಂಡದ್ದು ಬೇರೆಯೇ ತರಗತಿಗಾಗಿ. ಹತ್ತು ದೇಶಗಳಿಂದ ಬಂದ ವಯಸ್ಕರು ಲಂಡನ್ನಿನ ಕೋಣೆಯೊಂದರಲ್ಲಿ ಕುಳಿತಿದ್ದರೆ ಅಧ್ಯಾಪಕನಿಗೆ ಇಂಗ್ಲಿಷಲ್ಲದೆ ಬೇರೆ ದಾರಿಯಿಲ್ಲ. ಕನ್ನಡ ಬಲ್ಲ 20 ಮಕ್ಕಳಿರುವ ಐದನೆಯ ತರಗತಿಗೆ ಅದೇ ಕಟ್ಟಳೆಯನ್ನು ಹೇರುವುದೇಕೆ?

ಒಂದು ಉದಾಹರಣೆ ಕೊಡುತ್ತೇನೆ. ‘ಐ ಗೋ’ ಎಂದಿರುವುದು ‘ಹಿ ಗೋಸ್’ ಎಂದಾಗುವುದೇಕೆ ಎಂಬುದು ಮಕ್ಕಳನ್ನು ವರ್ಷಗಟ್ಟಲೆ ಕಾಡುವ ವಿಷಯ. ಕನ್ನಡ ಬಲ್ಲ ಅಧ್ಯಾಪಿಕೆ ಕರಿಹಲಗೆಯ ಮೇಲೆ ‘ನಾನು ಹೋಗುತ್ತೇನೆ, ನೀನು ಹೋಗುತ್ತೀಯೆ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ’ ಎಂದು ಬರೆದು, ‘ನೋಡಿ ಮಕ್ಕಳೇ, ನಮ್ಮ ಕ್ರಿಯಾಪದ ಪ್ರತಿಯೊಬ್ಬರಿಗೂ ಬಾಲ ಬದಲಿಸುತ್ತದೆ, ಇಂಗ್ಲಿಷಿನದು ಅವನು, ಅವಳು, ಅದು ಎಂಬ ಮೂವರಿಗೆ ಮಾತ್ರ ಬದಲಿಸುತ್ತದೆ’ ಎಂದರೆ ಮಗುವಿಗೆ ತಟ್ಟನೆ ಹೊಳೆಯುತ್ತದೆ. ಮಲಯಾಳದಲ್ಲಿ ಕ್ರಿಯಾಪದಕ್ಕೆ ಇಂತಹ ಬಾಲವಿಲ್ಲ. ನಾನಾದರೂ ಅವನಾದರೂ ‘ಪೋಗುನ್ನು’ ಒಂದೇ. ಆ ಭಾಷೆಯ ಮೂಲಕವೇ ಯೋಚಿಸುವ ಅಧ್ಯಾಪಕನಿಗೆ, ಅವನೆಷ್ಟೇ ಸಮರ್ಥನಾಗಿದ್ದರೂ, ನಮ್ಮ ಮಗುವಿನ ನಾಲಗೆಯಲ್ಲಿಯೇ ಇರುವ ಈ ಉಪಾಯ ಕಾಣಿಸುವುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರೇ ಬೇಕೆಂದು ನಾವು ಒತ್ತಾಯಿಸುವುದು ಅಭಿಮಾನಕ್ಕಾಗಿ ಮಾತ್ರವಲ್ಲ. ಇಂಗ್ಲಿಷ್ ಪಾಠಕ್ಕೂ ಅದು ಅಗತ್ಯ.

ಇನ್ನೊಂದು: ಕನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ನೇರವಾದ ಕ್ರಿಯಾಪದವಿಲ್ಲ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎನ್ನುವ ಮಗು ‘ಟು ಮಿ ಟೂ ಬ್ರದರ್ಸ್ ಆರ್ ದೇರ್’ ಎಂದರೆ ಅದು ದಡ್ಡತನವಲ್ಲ, ಚತುರ್ಥಿ ವಿಭಕ್ತಿಯ ಪ್ರಾಮಾಣಿಕವಾದ ಅನುವಾದ. ಕಾರಣ ಬಲ್ಲ ಅಧ್ಯಾಪಿಕೆ ನಗದೆ ತಿದ್ದುತ್ತಾಳೆ. ಬಲ್ಲದವಳು ‘ರಾಂಗ್’ ಎಂದು ಕೆಂಪು ಗೆರೆ ಎಳೆಯುತ್ತಾಳೆ. ಉಚ್ಚಾರಣೆಯೂ ಹಾಗೆಯೇ. ಬಸ್ಸು, ಕಾರು, ಬುಕ್ಕು ಎಂದು ಕೊನೆಗೊಂದು ಉಕಾರ ಸೇರಿಸುವುದು ನಮ್ಮ ಭಾಷೆಯ ನಡೆ. ಬರೆದಂತೆ ಓದುವ ಲಿಪಿಗೆ ಒಗ್ಗಿದ ಮಗು ‘ನೈಫ್’ ಎಂಬುದರ ಮೊದಲಿನ ಮೂಕಾಕ್ಷರವನ್ನು ಕಂಡು ತಬ್ಬಿಬ್ಬಾಗುವುದೂ ಸಹಜ. ಇಂತಹ ಎಡವುವ ಕಲ್ಲುಗಳ ಪಟ್ಟಿಯನ್ನು ಮೊದಲೇ ಬಲ್ಲವರು ಬೇಕು.

ಟ್ರಿನಿಟಿಯ ತರಬೇತಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಭಾಗವಿದೆ. ಅಭ್ಯರ್ಥಿಗೆ ತಾನೆಂದೂ ಕೇಳದ ಭಾಷೆಯೊಂದನ್ನು 4 ಗಂಟೆ ಆ ಭಾಷೆಯಲ್ಲಿಯೇ ಕಲಿಸುತ್ತಾರೆ. ಅನಂತರ ಅಭ್ಯರ್ಥಿ ತಾನು ಎಲ್ಲಿ ಕಂಗೆಟ್ಟೆ, ಯಾವುದು ನೆರವಾಯಿತು ಎಂದು ಬರೆಯಬೇಕು. ಏನೂ ತಿಳಿಯದೆ ತರಗತಿಯಲ್ಲಿ ಕುಳಿತಿರುವ ಮಗುವಿನ ಪಾಡನ್ನು ಗುರುವು ಸ್ವಂತ ಮೈಮೇಲೆ ಅನುಭವಿಸಲಿ ಎಂಬುದು ಅದರ ಉದ್ದೇಶ. ಗಡಿನಾಡಿನ ಕನ್ನಡ ಮಗುವಿಗೆ ಇದು 4 ಗಂಟೆಯ ಅಭ್ಯಾಸವಲ್ಲ, ಕೆಲವೆಡೆ ಇಡೀ ವರ್ಷದ ಪಾಡು. ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬಂದಾಗ ಏನಾಗುತ್ತದೆಂದು ನೀವು ಕಂಡಿದ್ದೀರಿ. ಹಾಗೆ ಬೆಳೆದ ನಮ್ಮ ಹೆಣ್ಣುಮಕ್ಕಳು ಶಿಕ್ಷಕಿಯರಾದರೆ ಆ ಪಾಠವನ್ನು ಬಾಲ್ಯದಲ್ಲಿಯೇ ಕಲಿತುಕೊಂಡವರಾಗಿರುತ್ತಾರೆ.

ಇನ್ನೂ ಒಂದು ಮಾತನ್ನು ನೀವು ಹೆಮ್ಮೆಯಿಂದ ತಿಳಿದಿರಬೇಕು. ಇಂದು ಜಗತ್ತಿನಾದ್ಯಂತ ಇಂತಹ ತರಬೇತಿಗಳಲ್ಲಿ ಹೇಳಿಕೊಡುವ ‘ಕಾರ್ಯಾಧಾರಿತ ಬೋಧನೆ’ಯ ಮುಖ್ಯ ಮೂಲಗಳಲ್ಲೊಂದು ನಮ್ಮ ನೆಲದ್ದು. 1979ರಿಂದ 1984ರ ವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಹೊರಜಗತ್ತು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ವ್ಯಾಕರಣದ ನಿಯಮಗಳನ್ನು ಉರುಹೊಡೆಸುವ ಬದಲಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಮಕ್ಕಳ ಮುಂದಿಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಬಿಡಿಸುವ ಭರದಲ್ಲಿ ಭಾಷೆ ತಾನಾಗಿ ಮೈಗೂಡುತ್ತಿತ್ತು. ಬೆಲೆಬಾಳುವ ಉಪಕರಣ ಬೇಕಿರಲಿಲ್ಲ. ಇದೇ ಪ್ರಭು ಅವರು 1990ರಲ್ಲಿ ಬರೆದ ಲೇಖನವೊಂದರಲ್ಲಿ ಎಲ್ಲರಿಗೂ ಎಲ್ಲೆಡೆಗೂ ಶ್ರೇಷ್ಠವಾದ ಒಂದೇ ಬೋಧನಾ ವಿಧಾನ ಇಲ್ಲವೆಂದು ವಾದಿಸಿದರು. ‘ಜಗತ್ತಿನ ನಂಬರ್ ಒನ್ ವಿಧಾನ’ವನ್ನು ಕಲಿಸುತ್ತೇವೆಂಬ ಜಾಹೀರಾತು ಕಂಡಾಗ ಇದನ್ನು ನೆನೆಯಿರಿ.

ಈಗ ಸಂಘದವರಿಗೆ. ಪತ್ರ ನೋಡಿ ನೇಮಿಸಬೇಡಿ, ಪಾಠ ನೋಡಿ ನೇಮಿಸಿರಿ. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಒಮ್ಮೆ ಇಬ್ಬರು ಅಭ್ಯರ್ಥಿಗಳಿಗೆ ಐದನೆಯ ತರಗತಿಯಲ್ಲಿ ತಲಾ 40 ನಿಮಿಷ ಪಾಠ ಮಾಡಲು ಹೇಳಿದೆವು. ಮೊದಲನೆಯವರು ‘ಇಂಟರ್‌ನ್ಯಾಷನಲ್’ ಎಂಬ ಹೆಸರಿನ ಪ್ರಮಾಣಪತ್ರವುಳ್ಳವರು. ಅವರ ಇಂಗ್ಲಿಷ್ ನಿರರ್ಗಳವಾಗಿತ್ತು. ಮಕ್ಕಳು ಅವರು ಹೇಳಿದ್ದನ್ನು ಒಕ್ಕೊರಲಿನಿಂದ ಹೇಳಿದರು, ಚಪ್ಪಾಳೆ ತಟ್ಟಿದರು. ಎರಡನೆಯವರು ಡಿ.ಎಲ್.ಎಡ್. ಮಾಡಿ ಇಗ್ನೋದಲ್ಲಿ ಓದಿದವರು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸುಗಳ ಸಮಯವನ್ನು ಹಲಗೆಯ ಮೇಲೆ ಬರೆದು, ಹತ್ತು ಗಂಟೆಗೆ ಆಸ್ಪತ್ರೆ ತಲುಪಬೇಕಾದ ಅಜ್ಜಿ ಯಾವ ಬಸ್ಸು ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅರ್ಥವಾಗದ ಇಬ್ಬರಿಗೆ ಕನ್ನಡದಲ್ಲಿ ಒಂದೊಂದು ವಾಕ್ಯ ಹೇಳಿದರು, ಮತ್ತೆ ಇಂಗ್ಲಿಷಿಗೆ ಮರಳಿದರು. ಹಿಂದಿನ ಬೆಂಚಿನಿಂದ, ವರ್ಷವಿಡೀ ಬಾಯಿ ಬಿಡದಿದ್ದ ಹುಡುಗನೊಬ್ಬ ‘ಎಯ್ಟ್ ಥರ್ಟಿ ಬಸ್, ಟೀಚರ್, ನೈನ್ ಓ ಕ್ಲಾಕ್ ಬಸ್ ಲೇಟ್’ ಎಂದ. ವ್ಯಾಕರಣ ಅರೆಬರೆ, ಉತ್ತರ ಪೂರ್ಣ. ಹೊರಗೆ ಬಂದ ಮೇಲೆ ಸಂಘದ ಅಧ್ಯಕ್ಷರು, ‘ಮೊದಲಿನವರ ಇಂಗ್ಲಿಷೇ ಚೆಂದ ಇತ್ತಲ್ಲ ಮಾಷ್ಟ್ರೇ?’ ಎಂದರು. ‘ಹೌದು. ಆದರೆ ಮಕ್ಕಳ ಇಂಗ್ಲಿಷ್ ನಮಗೆ ಯಾರ ತರಗತಿಯಲ್ಲಿ ಕೇಳಿಸಿತು?’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡನೆಯವರ ಹೆಸರನ್ನೇ ಬರೆದುಕೊಂಡರು.

ನೀವೂ ಹಾಗೆಯೇ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿರಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಎಷ್ಟು ಮಕ್ಕಳು ಒಬ್ಬೊಬ್ಬರಾಗಿ ಮಾತಾಡಿದರು, ತಪ್ಪಿದ ಮಗುವಿನ ಮುಖ ಬಾಡಿತೋ ಅರಳಿತೋ, ಕನ್ನಡವನ್ನು ಬೈಯಲು ಬಳಸಿದರೋ ಬಿಡಿಸಿ ಹೇಳಲು ಬಳಸಿದರೋ ಎಂದು ನೋಡಿರಿ. ಇವಕ್ಕೆ ಭಾಷೆ ಬೇಕಿಲ್ಲ, ಕಣ್ಣು ಸಾಕು. ಹಾಗೆಂದು ಅಧ್ಯಾಪಿಕೆಯ ಇಂಗ್ಲಿಷ್ ಹೇಗಿದ್ದರೂ ನಡೆಯುತ್ತದೆಂದು ತಿಳಿಯಬೇಡಿ. ಪೂರ್ತಿ ಕನ್ನಡದಲ್ಲಿಯೇ ಇಂಗ್ಲಿಷ್ ಪಾಠ ಮುಗಿಸುವವರೂ ಬೇಡ. ಕನ್ನಡ ದಾಟುಸೇತುವೆ, ಅದರ ಮೇಲೆ ಮನೆ ಕಟ್ಟಬಾರದು.

ಹೊರದೇಶಕ್ಕೆ ಹೋಗಬೇಕೆಂಬ ಮಕ್ಕಳ ಹೆತ್ತವರಿಗೂ ಎರಡು ಮಾತು. ಆಸೆ ತಪ್ಪಲ್ಲ, ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ದೀಪ ಕೊಲ್ಲಿ ದೇಶಗಳ ದುಡಿಮೆಯಿಂದ ಉರಿಯುತ್ತಿದೆ. ಆದರೆ ಅಲ್ಲಿಯ ಶಾಲೆಗಳು ಸಾಮಾನ್ಯವಾಗಿ ಮೊದಲು ನೋಡುವುದು ಪದವಿ, ಬಿ.ಎಡ್., ಅವುಗಳ ದೃಢೀಕರಣ, ಅನುಭವ. ಕೆಲವು ದೇಶಗಳ ಬಾಗಿಲನ್ನು ಪ್ರಮಾಣಪತ್ರಕ್ಕಿಂತ ಪಾಸ್‌ಪೋರ್ಟ್ ತೆರೆಯುತ್ತದೆ. ದಕ್ಷಿಣ ಕೊರಿಯಾದ ಇಂಗ್ಲಿಷ್ ಶಿಕ್ಷಕರ ಇ-2 ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ 7 ದೇಶಗಳ ಪ್ರಜೆಗಳಿಗೆ ಮಾತ್ರ ದೊರೆಯುತ್ತದೆ. 120 ಗಂಟೆಯಲ್ಲ, 1,200 ಗಂಟೆ ಓದಿದರೂ ಆ ನಿಯಮ ಬದಲಾಗದು. ‘ಕೆಲಸ ಗ್ಯಾರಂಟಿ’ ಎಂದವನಲ್ಲಿ ಯಾವ ದೇಶ, ಯಾವ ವೀಸಾ, ಯಾವ ಶಾಲೆ ಎಂದು ಬರೆದುಕೊಡಲು ಹೇಳಿರಿ. ಬರೆದುಕೊಡುವವರು ವಿರಳ. ಪದವಿ, ಬಿ.ಎಡ್., ಎರಡು ವರ್ಷದ ಅನುಭವ ಕೈಯಲ್ಲಿದ್ದು, ವಯಸ್ಕರಿಗೆ ಕಲಿಸುವ ಸಂಸ್ಥೆಗಳಲ್ಲಿ ದುಡಿಯುವ ನಿಶ್ಚಿತ ಉದ್ದೇಶವಿದ್ದವರಿಗೆ ಸೆಲ್ಟಾ ಅಥವಾ ಸರ್ಟ್ ಟೆಸಾಲ್ ಒಳ್ಳೆಯ ಹೂಡಿಕೆ. ಉಳಿದವರು ಸಾಲ ಮಾಡಿ ಅದಕ್ಕೆ ಕೈಹಾಕುವುದು ಬೇಡ.

ಒಟ್ಟಿನಲ್ಲಿ ನನ್ನ ಸಲಹೆಯ ಕ್ರಮ ಹೀಗಿದೆ: ಮೊದಲು ಡಿ.ಎಲ್.ಎಡ್. ಅಥವಾ ಬಿ.ಎಡ್., ಜೊತೆಗೆ ಆಯಾ ರಾಜ್ಯದ ಅರ್ಹತಾ ಪರೀಕ್ಷೆ. ಅನಂತರ ಒಂದು ವರ್ಷ ನಿಜವಾದ ತರಗತಿಯಲ್ಲಿ ದುಡಿಮೆ. ಆ ಬಳಿಕ ಇಗ್ನೋ ಅಥವಾ ಇಫ್ಲುವಿನ ತರಬೇತಿ, ಸೇವೆಯಲ್ಲಿದ್ದರೆ ಬೆಂಗಳೂರಿನ 30 ದಿನಗಳ ತರಬೇತಿ. ವಿದೇಶೀ ಪ್ರಮಾಣಪತ್ರ ಬೇಕಾದವರಿಗೆ ಅದು ಕೊನೆಯ ಮೆಟ್ಟಿಲು. ಹೆಜ್ಜೆ ಯಾವುದೇ ಆಗಿರಲಿ, ‘ನನ್ನ ಪಾಠವನ್ನು ನೋಡುವವರು ಯಾರು?’ ಎಂಬ ಪ್ರಶ್ನೆಯನ್ನು ಬಿಡಬಾರದು.

ಮುಂದಿನ ಜೂನಿನ ತಲೆಯೆಣಿಕೆಗೆ ಇನ್ನೂ ಸಮಯವಿದೆ. ನಿಮ್ಮ ಶಾಲೆಯ ಸಂಘದ ಸಭೆಯಲ್ಲಿ ಇಂಗ್ಲಿಷ್ ಅಧ್ಯಾಪಿಕೆಯ ವಿಚಾರ ಬಂದಾಗ ಈ ಐದು ಪ್ರಶ್ನೆಗಳನ್ನು ಮೇಜಿನ ಮೇಲಿಡಿ. ಕನ್ನಡದಲ್ಲಿ ಓದಿದ ನಮ್ಮದೇ ಊರಿನ ಹುಡುಗಿಯೊಬ್ಬಳು ಸರಿಯಾದ ತರಬೇತಿ ಪಡೆದು ಬಂದಿದ್ದರೆ, ಆಕೆಯ ಪತ್ರದಲ್ಲಿ ಬಂಗಾರದ ಮುದ್ರೆ ಇಲ್ಲವೆಂದು ಹಿಂದೆ ಕಳುಹಿಸಬೇಡಿ. ಆಕೆಗೊಂದು ತರಗತಿ ಕೊಟ್ಟು, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿರಿ.